ಹೆಸರು ಹೇಳುವ ತಿಂಗಳು: ಮನೆಯಲ್ಲಿ ನವೆಂಬರ್

ನಮ್ಮ ಅಮ್ಮನ ಹತ್ತಿರ ಒಂದು ಉದ್ದ ನೋಟ್‌ಬುಕ್ ಇತ್ತು. ಮುಂದಿನಿಂದ ತೆಗೆದರೆ ಹಾಲಿನ ಲೆಕ್ಕ, ಚೀಟಿ ದುಡ್ಡಿನ ಲೆಕ್ಕ. ಹಿಂದಿನಿಂದ ತೆಗೆದರೆ ತೀರಿಕೊಂಡವರ ಹೆಸರುಗಳು. ಒಂದು ಸಾಲಿಗೆ ಒಬ್ಬರು. ಹೆಸರು, ನಮಗೆ ಏನಾಗಬೇಕು, ಹೋದ ದಿನ. ಹಳಬರಿಗೆ ತಾರೀಕು ಗೊತ್ತಿರಲಿಲ್ಲ. ಅಂಥ ಕಡೆ ‘ಕಬ್ಬು ಕಡಿಯುವಾಗ’, ‘ಪ್ಲೇಗಿನಲ್ಲಿ’, ‘ದೊಡ್ಡ ಮಳೆ ಬಂದ ವರ್ಷ’ ಅಂತ ಬರೆದಿದ್ದರು.

ಅಕ್ಟೋಬರ್ ಮುಗಿಯುವವರೆಗೆ ಆ ಪುಸ್ತಕ ಮುಂದಿನಿಂದಲೇ ತೆರೆದುಕೊಳ್ಳುತ್ತಿತ್ತು. ನವೆಂಬರ್ ಬಂದರೆ ಹಿಂದಿನಿಂದ. ಸಂಜೆ ಏಳರ ಹೊತ್ತಿಗೆ ಯೇಸುವಿನ ತಿರುಹೃದಯದ ಪಟದ ಕೆಳಗಿನ ಹಲಗೆ ಮೇಲೆ ಒಂದು ಮೇಣದಬತ್ತಿ ಹಚ್ಚಿ, ಅಮ್ಮ ಮೂರು ಹೆಸರು ಓದುತ್ತಿದ್ದರು. ಒಂದೊಂದು ಹೆಸರಿಗೂ ಒಂದು ‘ಪರಲೋಕದಲ್ಲಿರುವ ನಮ್ಮ ತಂದೆಯೇ’, ಒಂದು ‘ನಮೋ ಮರಿಯ’. ಕೊನೆಗೆ ನಿತ್ಯ ವಿಶ್ರಾಂತಿಯ ಪ್ರಾರ್ಥನೆ. ಹತ್ತು ನಿಮಿಷವೂ ಆಗುತ್ತಿರಲಿಲ್ಲ. ಆಮೇಲೆ ಊಟ.

ಧರ್ಮಸಭೆಯ, ಅಂದರೆ ನಮ್ಮ ಕಥೋಲಿಕ ಚರ್ಚಿನ, ವರ್ಷವನ್ನು ಮನೆಯಲ್ಲಿ ಆಚರಿಸುವುದು ಹೇಗೆ ಅಂತ ಈಗಿನ ಸಣ್ಣ ವಯಸ್ಸಿನ ಅಪ್ಪ ಅಮ್ಮಂದಿರು ಕೇಳುತ್ತಾರೆ. ಕ್ರಿಸ್‌ಮಸ್, ಈಸ್ಟರ್ ಎಲ್ಲರಿಗೂ ಗೊತ್ತು. ಮಿಕ್ಕ ದಿನಗಳಲ್ಲಿ ಚರ್ಚಿನ ಕ್ಯಾಲೆಂಡರ್ ಗೋಡೆ ಮೇಲೆ ಸುಮ್ನೆ ನೇತಾಡುತ್ತಿರುತ್ತದೆ. ನಾನು ಹೇಳುವುದು ಇಷ್ಟೇ: ನವೆಂಬರ್‌ನಿಂದ ಶುರು ಮಾಡಿ. ಈ ತಿಂಗಳಿಗೆ ಖರ್ಚಿಲ್ಲ, ಅಲಂಕಾರ ಇಲ್ಲ. ಒಂದು ಪುಸ್ತಕ, ಒಂದು ಬತ್ತಿ, ಎರಡು ತುಂಡು ಬಟ್ಟೆ ಸಾಕು. ಆದರೆ ಇಡೀ ವರ್ಷದ ಲೆಕ್ಕಾಚಾರ ಈ ಒಂದು ತಿಂಗಳಿನಲ್ಲಿ ಅರ್ಥವಾಗುತ್ತದೆ. ಹಳೆ ವರ್ಷ ಮುಗಿಯುವುದೂ ಹೊಸದು ಹುಟ್ಟುವುದೂ ಸಾಮಾನ್ಯವಾಗಿ ಇದೇ ತಿಂಗಳಲ್ಲಿ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಧರ್ಮಸಭೆಯ ವರ್ಷ ತಿಂಗಳ ಲೆಕ್ಕದಲ್ಲಿ ನಡೆಯುವುದಿಲ್ಲ, ಕಾಲಗಳ ಲೆಕ್ಕದಲ್ಲಿ ನಡೆಯುತ್ತದೆ. ಕ್ರಿಸ್‌ಮಸ್‌ಗೆ ಕಾಯುವ ಆಗಮನ ಕಾಲ, ಕ್ರಿಸ್‌ಮಸ್ಸಿನ ಕ್ರಿಸ್ತಜಯಂತಿ ಕಾಲ, ಈಸ್ಟರಿಗೆ ಮುಂಚಿನ ತಪಸ್ಸು ಕಾಲ, ಈಸ್ಟರಿನ ಪಾಸ್ಖ ಕಾಲ. ಇವುಗಳ ನಡುವೆ ಉಳಿಯುವ 33 ಅಥವಾ 34 ವಾರಗಳು ಸಾಧಾರಣ ಕಾಲ. ಹಾಗಾದರೆ ಮೇ ತಿಂಗಳು ಮಾತೆ ಮರಿಯಮ್ಮನವರದು, ಜೂನ್ ತಿರುಹೃದಯದ್ದು, ಅಕ್ಟೋಬರ್ ಜಪಸರದ್ದು ಅಂತೀವಲ್ಲ, ಅದು ಏನು? ಅದು ಜನರ ಭಕ್ತಿಯಿಂದ ಬೆಳೆದು ಬಂದ ಇನ್ನೊಂದು ಪದರ. ಬಹಳ ತಿಂಗಳಲ್ಲಿ ಈ ಎರಡು ಪದರಗಳು ಅಕ್ಕಪಕ್ಕ ಹೋಗುತ್ತವೆ, ಒಂದನ್ನೊಂದು ಮುಟ್ಟುವುದು ಕಡಿಮೆ. ನವೆಂಬರ್ ಹಾಗಲ್ಲ. ಜನ ಇದನ್ನು ಸತ್ತವರ ತಿಂಗಳು ಅಂತಾರೆ. ಪೂಜೆಯಲ್ಲಿ ಓದುವ ಬೈಬಲಿನ ವಾಚನಗಳೂ ಈ ದಿನಗಳಲ್ಲಿ ಕೊನೆಗಾಲ, ತೀರ್ಪು, ಎಚ್ಚರ ಅಂತ ಅದೇ ದಾರಿಯಲ್ಲಿ ಹೋಗುತ್ತವೆ. ಮನೆಯ ಭಕ್ತಿ, ಚರ್ಚಿನ ಪೂಜೆ ಎರಡೂ ಒಂದೇ ಮಾತಾಡುವ ತಿಂಗಳು ಇದು.

ನವೆಂಬರ್ 1 ನಮಗೆಲ್ಲ ರಾಜ್ಯೋತ್ಸವ. ಬೀದಿ ತುಂಬ ಹಳದಿ ಕೆಂಪು ಬಾವುಟ, ಆಟೋಗಳಿಗೆಲ್ಲ ಹೂವು. ಅದೇ ದಿನ ಸಕಲ ಸಂತರ ಹಬ್ಬ. ಕರ್ನಾಟಕದ ಕಥೋಲಿಕರಿಗೆ ಇದೊಂದು ಅನುಕೂಲ. ಬೇರೆ ಎಷ್ಟೋ ರಾಜ್ಯಗಳಲ್ಲಿ ರಜೆ ಹಾಕಿ ಪೂಜೆಗೆ ಹೋಗಬೇಕು, ನಮಗೆ ರಜೆ ತಾನಾಗಿ ಬರುತ್ತದೆ. 8ನೇ ಶತಮಾನದಲ್ಲಿ ಮೂರನೇ ಗ್ರೆಗರಿ ಪೋಪರು ರೋಮಿನ ಸಂತ ಪೇತ್ರರ ದೇವಾಲಯದಲ್ಲಿ ಎಲ್ಲ ಸಂತರ ಹೆಸರಿನಲ್ಲಿ ಒಂದು ಪುಟ್ಟ ಪ್ರಾರ್ಥನಾಲಯ ಮಾಡಿಸಿದ್ದರು. ಮುಂದಿನ ಶತಮಾನದಲ್ಲಿ ನಾಲ್ಕನೇ ಗ್ರೆಗರಿ ಪೋಪರ ಕಾಲಕ್ಕೆ ನವೆಂಬರ್ 1ರ ಹಬ್ಬ ಯೂರೋಪಿನಲ್ಲಿ ಹರಡಿತು. ಪಟ್ಟಿಯಲ್ಲಿ ಹೆಸರಿರುವ ಸಂತರಿಗೆಲ್ಲ ಅವರವರ ದಿನ ಇದೆ. ಹೆಸರೇ ಗೊತ್ತಿಲ್ಲದೆ ದೇವರ ಹತ್ತಿರ ಸೇರಿದವರು ಲೆಕ್ಕವಿಲ್ಲದಷ್ಟು. ಈ ಹಬ್ಬ ಅವರದೂ ಹೌದು.

ಅವತ್ತು ಮನೆಯಲ್ಲಿ ಮಾಡಲು ಒಂದು ಚೆಂದದ ಕೆಲಸ ಇದೆ. ಮನೆಯವರ ಹೆಸರುಗಳಲ್ಲಿ ಯಾವ ಸಂತರು ಅಡಗಿದ್ದಾರೆ ಅಂತ ಮಕ್ಕಳ ಜೊತೆ ಹುಡುಕಿ. ನಮ್ಮ ಕಡೆ ಹಳೆ ಹೆಸರುಗಳ ಸೊಗಸೇ ಬೇರೆ. ರಾಯಪ್ಪ ಅಂದರೆ ಪೇತ್ರ. ಚಿನ್ನಪ್ಪ ಅಂದರೆ ಪೌಲ. ಇನ್ನಾಸಪ್ಪ ಅಂದರೆ ಲೊಯೋಲದ ಇಗ್ನೇಷಿಯಸ್. ಚೌರಪ್ಪ ಅಂದರೆ ಫ್ರಾನ್ಸಿಸ್ ಕ್ಸೇವಿಯರ್. ಲೂರ್ದಮ್ಮ ಅಂದರೆ ಫ್ರಾನ್ಸಿನ ಲೂರ್ದಿನ ಮಾತೆ. 17ನೇ ಶತಮಾನದ ಮಧ್ಯದಲ್ಲಿ ಇಟಲಿಯ ಯೇಸುಸಭೆಯ (ಜೆಸ್ವಿಟ್) ಗುರು ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಸೀಮೆಯಲ್ಲಿ ಈ ಧರ್ಮದ ಕೆಲಸ ಶುರು ಮಾಡಿದರು. ಅಲ್ಲಿಂದಾಚೆಗೆ ಎಷ್ಟೋ ತಲೆಮಾರು ಹೊಲದಲ್ಲಿ, ಹಟ್ಟಿಯಲ್ಲಿ ಕೂಗಿ ಕೂಗಿ ಈ ಹೆಸರುಗಳು ನಮ್ಮವೇ ಆದವು. ಅಜ್ಜನ ಹೆಸರು ಇನ್ನಾಸಪ್ಪ ಅಂತ ನಾಚಿಕೊಳ್ಳುವ ಹುಡುಗರಿಗೆ ಆ ಹೆಸರು ಸ್ಪೇನಿನ ಲೊಯೋಲದಿಂದ ನಡೆದು ಬಂದ ದಾರಿ ಹೇಳಿ ನೋಡಿ. ಮುಖ ಅರಳುತ್ತದೆ.

ಸಂಜೆ ಹಲಗೆಗೆ ಬಿಳಿ ಬಟ್ಟೆ ಹಾಸಿ. ಬಣ್ಣಗಳ ಲೆಕ್ಕ ಕಷ್ಟವಲ್ಲ. ಗುರುಗಳು ಪೂಜೆಗೆ ಯಾವ ಬಣ್ಣದ ಮೇಲುಡುಪು ಹಾಕುತ್ತಾರೋ ಅದೇ ಬಣ್ಣ ಮನೆಯ ಹಲಗೆಗೂ. ಸಾಧಾರಣ ಕಾಲಕ್ಕೆ ಹಸಿರು, ಸಂಭ್ರಮಕ್ಕೆ ಬಿಳಿ, ಧರ್ಮಕ್ಕಾಗಿ ಪ್ರಾಣ ಕೊಟ್ಟ ರಕ್ತಸಾಕ್ಷಿಗಳಿಗೆ ಕೆಂಪು, ಪಶ್ಚಾತ್ತಾಪಕ್ಕೂ ಕಾಯುವಿಕೆಗೂ ನೇರಳೆ. ಹಸಿರಿಗೆ ನಮ್ಮಮ್ಮ ಹಳೆ ಸೀರೆಯ ಸೆರಗು ಕತ್ತರಿಸಿ ಅಂಚು ಹೊಲಿದಿದ್ದರು. ನೇರಳೆಗೆ ಒಂದು ಬ್ಲೌಸ್ ಪೀಸ್.

ಮಾರನೇ ದಿನ ಬಟ್ಟೆ ಬದಲಾಗುತ್ತದೆ. ನವೆಂಬರ್ 2, ಸಕಲ ಮೃತರ ಸ್ಮರಣೆ. ನಮ್ಮ ಮನೆಯಲ್ಲಿ ನೇರಳೆ. ಚರ್ಚಿನಲ್ಲಿ ಕಪ್ಪು ಅಥವಾ ಬಿಳಿ ಹಾಕಿದರೂ ತಪ್ಪಲ್ಲ.

ಈ ದಿನ ಬಂದದ್ದು ಫ್ರಾನ್ಸಿನ ಕ್ಲೂನಿ ಮಠದಿಂದ. ಸುಮಾರು 998ರಲ್ಲಿ ಅಲ್ಲಿನ ಮಠಾಧಿಪತಿ ಸಂತ ಒಡಿಲೊ ತಮ್ಮ ಕೈಕೆಳಗಿನ ಮಠಗಳಿಗೆಲ್ಲ, ಸಕಲ ಸಂತರ ಹಬ್ಬದ ಮರುದಿನ ಎಲ್ಲ ಮೃತರಿಗಾಗಿ ಪ್ರಾರ್ಥಿಸಿ ಅಂತ ಕಟ್ಟಳೆ ಮಾಡಿದರು. ಅದು ನಿಧಾನವಾಗಿ ಇಡೀ ಧರ್ಮಸಭೆಯದಾಯಿತು. 1915ರಲ್ಲಿ, ಮೊದಲ ಮಹಾಯುದ್ಧದಲ್ಲಿ ಯೂರೋಪಿನ ಮನೆ ಮನೆಗೂ ಸಾವು ಬಂದಿದ್ದಾಗ, ಹದಿನೈದನೇ ಬೆನೆಡಿಕ್ಟ್ ಪೋಪರು ಈ ದಿನ ಪ್ರತಿಯೊಬ್ಬ ಗುರುವೂ ಮೂರು ಪೂಜೆ ಅರ್ಪಿಸಬಹುದು ಅಂದರು. ಕ್ರಿಸ್‌ಮಸ್‌ಗೆ ಇರುವ ಸವಲತ್ತು ಅದು. ಇನ್ನೊಂದು ವಿಶೇಷ: ಭಾನುವಾರಕ್ಕೆ ಸಣ್ಣಪುಟ್ಟ ಹಬ್ಬಗಳೆಲ್ಲ ಜಾಗ ಬಿಟ್ಟುಕೊಡುತ್ತವೆ. ಸತ್ತವರ ಸ್ಮರಣೆ ಬಿಟ್ಟುಕೊಡುವುದಿಲ್ಲ. 2025ರಲ್ಲಿ ನವೆಂಬರ್ 2 ಭಾನುವಾರವೇ ಬಂತು. ಅವತ್ತು ಭಾನುವಾರದ ಪೂಜೆಯ ಬದಲು ಮೃತರ ಪೂಜೆಯೇ ನಡೆಯಿತು.

ನಮ್ಮ ಕಡೆ ಹಿಂದಿನ ದಿನಗಳಲ್ಲೇ ಸಿಮೆಟ್ರಿ ಕೆಲಸ ಶುರು. ಮಳೆಗಾಲ ಮುಗಿದ ಮೇಲೆ ಗೋರಿಗಳ ಸುತ್ತ ಕಾಂಗ್ರೆಸ್ ಗಿಡ ಸೊಂಟದೆತ್ತರ ಬೆಳೆದಿರುತ್ತದೆ. ಅದನ್ನು ಬೇರು ಸಮೇತ ಕೀಳಬೇಕು, ಕುಡುಗೋಲಿನಲ್ಲಿ ಸವರಿದರೆ ಮತ್ತೆ ಬರುತ್ತದೆ. ಆಮೇಲೆ ಶಿಲುಬೆಯನ್ನು ತೆಂಗಿನ ನಾರಿನಲ್ಲಿ ತಿಕ್ಕಿ ತೊಳೆಯುವುದು. ಪಾಚಿ ಹೋದ ಮೇಲೆ ಅಕ್ಷರಗಳು ಒಂದೊಂದಾಗಿ ಕಾಣುತ್ತವೆ. ಒಣಗಿದ ಮೇಲೆ ಸುಣ್ಣ. ನಾನು ಚಿಕ್ಕವನಿದ್ದಾಗ ನನಗೆ ಕೊಡುತ್ತಿದ್ದ ಕೆಲಸ ಅಕ್ಷರಗಳಿಗೆ ಕಪ್ಪು ಬಣ್ಣ ತುಂಬುವುದು. ಸಣ್ಣ ಬ್ರಶ್ಶು, ನಡುಗುವ ಕೈ. ತಾತನ ಹೆಸರನ್ನು ನಾನು ಮೊದಲು ಕಲಿತದ್ದು ಶಾಲೆಯ ಸ್ಲೇಟಿನ ಮೇಲಲ್ಲ, ಆ ಕಲ್ಲಿನ ಮೇಲೆ. ತೋಡಿದ ಅಕ್ಷರದೊಳಗೆ ಬ್ರಶ್ಶು ಹೋಗುವಾಗ ‘ರಾ’ ಎಲ್ಲಿ ತಿರುಗುತ್ತದೆ ಅಂತ ಬೆರಳಿಗೇ ಗೊತ್ತಾಗುತ್ತಿತ್ತು.

ಎರಡನೇ ತಾರೀಕು ಮೈಸೂರಿನ ದೇವರಾಜ ಮಾರುಕಟ್ಟೆಯಿಂದ ಸೇವಂತಿಗೆ ಬರುತ್ತದೆ. ಗೋರಿಗೆ ಎರಡು ಮಾರು ಹೂವು, ಮೇಣದಬತ್ತಿ, ಊದಿನಕಡ್ಡಿ. ಸಂಜೆ ಫಾದರ್ ಬಂದು ಪ್ರಾರ್ಥನೆ ಮಾಡಿ, ಗೋರಿಗಳ ಸಾಲಿನಲ್ಲಿ ನಡೆಯುತ್ತ ತೀರ್ಥ ಚಿಮುಕಿಸುತ್ತಾರೆ. ಗಾಳಿಗೆ ಬತ್ತಿ ಆರುತ್ತದೆ, ಪಕ್ಕದ ಗೋರಿಯವರು ತಮ್ಮ ಬತ್ತಿಯಿಂದ ಹಚ್ಚಿಕೊಡುತ್ತಾರೆ. ಯಾರೂ ಬಾರದ ಗೋರಿಗೆ ಒಂದು ಬತ್ತಿ ಇಟ್ಟು ಬರುವುದು ನಮ್ಮಮ್ಮ ಹಾಕಿದ ರೂಢಿ. ನಿಮ್ಮ ಮಕ್ಕಳಿಗೂ ಅದೊಂದು ಕಲಿಸಿ.

ಇದನ್ನು ನೋಡಿದ ಅಕ್ಕಪಕ್ಕದವರು ಕೇಳುವುದುಂಟು: ‘ಇದು ನಿಮ್ಮ ಪಿತೃಪಕ್ಷವಾ?’ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಟ್ಟು ಕೆಲವೇ ವಾರ ಆಗಿರುತ್ತದೆ, ಹಾಗಾಗಿ ಪ್ರಶ್ನೆ ಸಹಜ. ಹತ್ತಿರದ್ದು ಹೌದು, ಒಂದೇ ಅಲ್ಲ. ಹೋದವರನ್ನು ಮರೆಯಬಾರದು ಅನ್ನುವ ಮನಸ್ಸು ಎರಡರಲ್ಲೂ ಒಂದೇ. ವ್ಯತ್ಯಾಸ ಇರುವುದು ಯಾರಿಗೆ ಏನು ಕೊಡುತ್ತೀವಿ ಅನ್ನುವುದರಲ್ಲಿ. ನಾವು ಸತ್ತವರಿಗೆ ಅನ್ನ ಅರ್ಪಿಸುವುದಿಲ್ಲ. ಅವರಿಗೋಸ್ಕರ ದೇವರನ್ನು ಕೇಳುತ್ತೀವಿ. ನಮ್ಮ ಮನೆಯಲ್ಲಿ ಅವತ್ತು ತಾತನಿಗೆ ಇಷ್ಟವಾದ ಮುದ್ದೆ, ಬಸ್ಸಾರು ಮಾಡುತ್ತೀವಿ. ಅದು ತಾತನಿಗೆ ಇಟ್ಟ ಎಡೆ ಅಲ್ಲ. ನಾವು ಒಟ್ಟಿಗೆ ಕೂತು ಉಣ್ಣುತ್ತಾ ತಾತನ ಮಾತಾಡುವುದಕ್ಕೆ ಒಂದು ನೆಪ. ಹೀಗೆ ಹೇಳಿದರೆ ಕೇಳಿದವರಿಗೂ ಅರ್ಥವಾಗುತ್ತದೆ, ನಮ್ಮ ಮಕ್ಕಳಿಗೂ.

ಈಗ ಕಷ್ಟದ ಪ್ರಶ್ನೆ. ಸತ್ತವರು ದೇವರ ಹತ್ತಿರ ಹೋಗಿದ್ದರೆ ನಮ್ಮ ಪ್ರಾರ್ಥನೆ ಯಾಕೆ ಬೇಕು? ಹೋಗದಿದ್ದರೆ ಪ್ರಾರ್ಥನೆಯಿಂದ ಏನು ಪ್ರಯೋಜನ? ನನ್ನ ಮಗಳು ಏಳನೇ ವಯಸ್ಸಿಗೇ ಇದನ್ನು ಕೇಳಿದಳು.

ಧರ್ಮಸಭೆಯ ಉತ್ತರ ಶುದ್ಧೀಕರಣ ಸ್ಥಳ. ಈ ಹೆಸರೇ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಅದು ಸ್ವರ್ಗಕ್ಕೂ ನರಕಕ್ಕೂ ಮಧ್ಯದ ಊರಲ್ಲ. ಪಾಸಾಗದವರಿಗೆ ಕೊಡುವ ಎರಡನೇ ಪರೀಕ್ಷೆಯೂ ಅಲ್ಲ. ದೇವರ ಸ್ನೇಹದಲ್ಲೇ ಪ್ರಾಣ ಬಿಟ್ಟವರು, ಅವರ ಬಿಡುಗಡೆ ಆಗಲೇ ಖಚಿತ. ಆದರೆ ದೇವರನ್ನು ಮುಖಾಮುಖಿ ನೋಡುವಷ್ಟು ಇನ್ನೂ ತಿಳಿಯಾಗಿಲ್ಲ. ಆ ತಿಳಿಯಾಗುವ ಕೆಲಸಕ್ಕೇ ಶುದ್ಧೀಕರಣ ಅನ್ನುವುದು.

ಮಗಳನ್ನು ನಾನು ಮಂಡ್ಯ ಕಡೆಯ ಒಂದು ಆಲೆಮನೆಗೆ ಕರೆದುಕೊಂಡು ಹೋಗಿದ್ದೆ. ಗಾಣದಿಂದ ಬಂದ ಕಬ್ಬಿನ ಹಾಲು ಕೊಪ್ಪರಿಗೆಗೆ ಬೀಳುತ್ತದೆ. ಬಣ್ಣ ಮಣ್ಣು ಮಣ್ಣು, ಮೇಲೆ ಕಸ. ಒಲೆಗೆ ಒಣ ಸಿಪ್ಪೆ ತುಂಬುತ್ತಾರೆ. ಹಾಲು ಕಾಯುತ್ತಾ ಬಂದಾಗ ಜಜ್ಜಿದ ಬೆಂಡೆ ಗಿಡದ ಲೋಳೆ ಹಾಕುತ್ತಾರೆ. ಕೊಳೆಯೆಲ್ಲ ಕಟ್ಟಿಕೊಂಡು ಮೇಲೆ ತೇಲುತ್ತದೆ. ಅದನ್ನು ತೂತಿನ ಸೌಟಿನಲ್ಲಿ ತೆಗೆದು ತೆಗೆದು ಹಾಕುತ್ತಾರೆ. ಕೆಳಗೆ ಚಿನ್ನದ ಬಣ್ಣ ಬರುವವರೆಗೂ ಬಿಡುವುದಿಲ್ಲ. ಕಬ್ಬಿನ ಹಾಲು ಮೊದಲೂ ಸಿಹಿಯೇ ಇತ್ತು. ಬೆಂಕಿ ಅದನ್ನು ಸಿಹಿ ಮಾಡಲಿಲ್ಲ, ಸಿಹಿಯಲ್ಲದ್ದನ್ನು ತೆಗೆಯಿತು. ಮಗಳಿಗೆ ನಾನು ಅಷ್ಟನ್ನೇ ತೋರಿಸಿದೆ. ಅವಳು ಕೇಳಿದ್ದು: ‘ಹಾಗಾದ್ರೆ ಸೌಟು ಹಿಡಿದಿರೋದು ಯಾರು?’ ದೇವರು, ಅಂದೆ. ಸಿಪ್ಪೆ ಎತ್ತಿಕೊಡೋರು ನಾವು.

ಆಲೆಮನೆಯ ಹೋಲಿಕೆಯನ್ನು ಜಾಸ್ತಿ ಎಳೆಯಬಾರದು. ಅಲ್ಲಿ ಎಷ್ಟು ಹೊತ್ತು ಕಾಯಿಸಬೇಕು ಅನ್ನುವ ಲೆಕ್ಕ ಇದೆ. ಇಲ್ಲಿ ದಿನ, ವರ್ಷ ಅಂತ ಲೆಕ್ಕ ಹಾಕುವ ದಾರಿ ನಮಗಿಲ್ಲ. ಪವಿತ್ರ ಗ್ರಂಥದಲ್ಲಿ ಬರುವುದು ಬೆಂಕಿಯಲ್ಲಿ ಪುಟವಿಟ್ಟ ಚಿನ್ನದ ಹೋಲಿಕೆ. ಸತ್ತವರಿಗಾಗಿ ಪ್ರಾರ್ಥಿಸುವುದಕ್ಕೆ ಹಳೆಯ ಆಧಾರ ನಮ್ಮ ಬೈಬಲಿನ ಮಕ್ಕಬಿಯರ ಎರಡನೇ ಪುಸ್ತಕದ 12ನೇ ಅಧ್ಯಾಯ. ಯುದ್ಧದಲ್ಲಿ ಸತ್ತ ತನ್ನ ಸೈನಿಕರ ಬಟ್ಟೆಯೊಳಗೆ ವಿಗ್ರಹಗಳ ತಾಯಿತ ಸಿಕ್ಕಿದಾಗ, ಯೂದನೆಂಬ ಸೇನಾಪತಿ ಅವರನ್ನು ಬೈದು ಕೈಬಿಡುವುದಿಲ್ಲ. ದುಡ್ಡು ಕೂಡಿಸಿ ಅವರ ಪಾಪಕ್ಕಾಗಿ ಬಲಿ ಅರ್ಪಿಸಲು ಜೆರುಸಲೇಮಿಗೆ ಕಳಿಸುತ್ತಾನೆ. ಪ್ರೊಟೆಸ್ಟೆಂಟ್ ಗೆಳೆಯರು ಈ ಪುಸ್ತಕವನ್ನು ಬೈಬಲಿನ ಭಾಗ ಅಂತ ಎಣಿಸುವುದಿಲ್ಲ. ಸಾಮಾನ್ಯವಾಗಿ ಅವರಲ್ಲಿ ಈ ಪದ್ಧತಿ ಕಾಣದಿರುವುದಕ್ಕೆ ಅದೂ ಒಂದು ಕಾರಣ.

ಒಂದೇ ಮನೆಯ ಮೂರು ಕೋಣೆ ಅಂತ ಯೋಚಿಸಿ. ಒಂದರಲ್ಲಿ ಸಂತರು, ಒಂದರಲ್ಲಿ ಶುದ್ಧರಾಗುತ್ತಿರುವವರು, ಒಂದರಲ್ಲಿ ನಾವು. ಬಾಗಿಲುಗಳಿಗೆ ಚಿಲಕ ಇಲ್ಲ. ಸಂತರು ನಮಗಾಗಿ ಪ್ರಾರ್ಥಿಸುತ್ತಾರೆ, ನಾವು ಸತ್ತವರಿಗಾಗಿ. ಒಂದನೇ ತಾರೀಕು, ಎರಡನೇ ತಾರೀಕು ಬೆನ್ನಿಗೆ ಬೆನ್ನು ಅಂಟಿಕೊಂಡಿರುವುದು ಇದಕ್ಕೇ.

ನವೆಂಬರ್ 1ರಿಂದ 8ರವರೆಗೆ ಒಂದು ವಿಶೇಷ ಇದೆ, ಅದನ್ನು ಇಂಡಲ್ಜೆನ್ಸ್ ಅನ್ನುತ್ತಾರೆ. ಪಾಪವನ್ನು ಕ್ಷಮಿಸಿದ ಮೇಲೂ ಅದರಿಂದಾದ ಗಾಯ ಉಳಿಯುತ್ತದೆ. ಆ ಗಾಯ ಮಾಯಲು ಧರ್ಮಸಭೆ ತನ್ನ ಪ್ರಾರ್ಥನೆಯ ಭಂಡಾರದಿಂದ ಕೊಡುವ ನೆರವು ಇದು. ಈ ಎಂಟು ದಿನ ಸಿಮೆಟ್ರಿಗೆ ಹೋಗಿ ಸತ್ತವರಿಗಾಗಿ ಪ್ರಾರ್ಥಿಸಿದರೆ, ಅದು ಪೂರ್ಣವಾಗಿ ಸತ್ತವರೊಬ್ಬರಿಗೆ ಸಲ್ಲುತ್ತದೆ. ಜೊತೆಗೆ ಗುರುಗಳ ಹತ್ತಿರ ಪಾಪನಿವೇದನೆ, ಪೂಜೆಯಲ್ಲಿ ಪರಮ ಪ್ರಸಾದ, ಪೋಪರ ಉದ್ದೇಶಗಳಿಗಾಗಿ ಪ್ರಾರ್ಥನೆ, ಪಾಪದ ಮೇಲಿನ ಆಸೆ ಬಿಟ್ಟ ಮನಸ್ಸು ಇರಬೇಕು. ದುಡ್ಡಿನ ಮಾತೇ ಇಲ್ಲ. 2020ರಲ್ಲಿ ಕೊರೊನಾ ಇದ್ದುದರಿಂದ, ಗುಂಪು ಸೇರದಿರಲಿ ಅಂತ ಇದನ್ನು ಇಡೀ ತಿಂಗಳಿಗೆ ವಿಸ್ತರಿಸಿದ್ದರು.

ಊರು ಬಿಟ್ಟು ಮೈಸೂರಿಗೆ ಬಂದವರು ಕೇಳುತ್ತಾರೆ, ನಮ್ಮವರ ಗೋರಿ ದೂರದ ಹಳ್ಳಿಯಲ್ಲಿದೆಯಲ್ಲ ಅಂತ. ಯಾವ ಸಿಮೆಟ್ರಿ ಆದರೂ ಆಗುತ್ತದೆ. ನಮ್ಮವರ ಗೋರಿಯೇ ಆಗಬೇಕಿಲ್ಲ. ಒಂದು ವರ್ಷ ನಾವು ಶ್ರೀರಂಗಪಟ್ಟಣಕ್ಕೆ ಹೋದಾಗ ಕಾವೇರಿ ದಡದ ಹಳೇ ಗ್ಯಾರಿಸನ್ ಸಿಮೆಟ್ರಿಯಲ್ಲಿ ನಿಂತು ಪ್ರಾರ್ಥಿಸಿದೆವು. ಬ್ರಿಟಿಷ್ ಸೇನೆಯಲ್ಲಿದ್ದು, ಎಲ್ಲಿಂದಲೋ ಬಂದು ಇಲ್ಲಿ ಮಣ್ಣಾದವರು. ಅವರ ಮನೆಯವರು ಯಾರೂ ಇಲ್ಲಿಗೆ ಬಂದು ಬತ್ತಿ ಹಚ್ಚುವ ಹಾಗಿಲ್ಲ. ಹಾಗಂತ ಅವರನ್ನು ಬಿಡುವುದು ಸರಿಯಲ್ಲ ಅನಿಸಿತು.

ಎರಡನೇ ತಾರೀಕಿನ ಗದ್ದಲ ಮುಗಿದ ಮೇಲೆ ಹೆಚ್ಚಿನ ಮನೆಗಳಲ್ಲಿ ತಿಂಗಳೂ ಮುಗಿದ ಹಾಗೆ. ನಿಜವಾದ ಮನೆಯ ಆಚರಣೆ ಶುರುವಾಗುವುದೇ ಅಲ್ಲಿಂದ. ಪುಸ್ತಕ ತೆಗೆಯಿರಿ. ಇಲ್ಲದಿದ್ದರೆ ಈ ವರ್ಷವೇ ಶುರು ಮಾಡಿ. ಮನೆಯಲ್ಲಿ ಇರುವ ಅತಿ ಹಿರಿಯರ ಪಕ್ಕ ಕೂತು ಕೇಳಿ ಬರೆಯಿರಿ. ಫೋನಿನಲ್ಲಿ ಬೇಡ, ಕೈಯಲ್ಲಿ ಬರೆಯಿರಿ. ಅಜ್ಜಿಯ ಕಡೆಯವರು, ಅಜ್ಜನ ಕಡೆಯವರು, ಹೆರಿಗೆ ಮಾಡಿಸಿದ ಸೂಲಗಿತ್ತಿ, ಓದಲು ಕಲಿಸಿದ ಮೇಷ್ಟ್ರು, ಕಷ್ಟದಲ್ಲಿ ಸಾಲ ಕೊಟ್ಟವರು. ಕಥೋಲಿಕರೇ ಆಗಬೇಕೆಂದಿಲ್ಲ, ಯಾರಿಗಾಗಿ ಬೇಕಾದರೂ ಪ್ರಾರ್ಥಿಸಬಹುದು. ದಿನಕ್ಕೆ ಮೂರು ಅಂದರೆ ತಿಂಗಳಿಗೆ 90 ಹೆಸರು. ಅಷ್ಟು ಹೆಸರು ಸಿಗುವುದಿಲ್ಲ ಅಂದುಕೊಳ್ಳುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಎರಡನೇ ವರ್ಷಕ್ಕೇ ಪುಟ ತುಂಬಿತು. ಅದೇ ಪಟ್ಟಿಯ ಒಂದು ಪ್ರತಿಯನ್ನು ಲಕೋಟೆಯಲ್ಲಿಟ್ಟು ಚರ್ಚಿಗೆ ಕೊಡಿ. ಬಹಳ ಚರ್ಚುಗಳಲ್ಲಿ ಆ ಲಕೋಟೆಗಳನ್ನು ತಿಂಗಳಿಡೀ ಬಲಿಪೀಠದ ಹತ್ತಿರ ಇಟ್ಟು ಪೂಜೆಯಲ್ಲಿ ನೆನೆಯುತ್ತಾರೆ.

ಅಮ್ಮನ ಪುಸ್ತಕದಲ್ಲಿ ಒಂದು ಸಾಲು ಹೀಗಿದೆ: ‘ಕೂಸು, ಮೂರು ದಿನ.’ ಹೆಸರಿಲ್ಲ. ನನ್ನ ಅಕ್ಕ ಆಗಬೇಕಿದ್ದವಳು. ಹುಟ್ಟಿದ ಮೂರನೇ ದಿನ, ದೀಕ್ಷಾಸ್ನಾನ (ಬ್ಯಾಪ್ಟಿಸಂ) ಆಗುವ ಮೊದಲೇ ಹೋದಳು. ಅಮ್ಮ ಆ ಸಾಲಿಗೆ ಬಂದಾಗ ದನಿ ಇಳಿಯುತ್ತಿತ್ತು. ಇಂಥ ಮಕ್ಕಳಿಗೆ ಸ್ವರ್ಗ ಇಲ್ಲ ಅಂತ ಯಾರೋ ಹಿಂದೆ ಹೇಳಿದ್ದ ಮಾತು ಅವರ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಇಂಥ ಮನೆಗಳು ಇನ್ನೂ ಇವೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಕಥೋಲಿಕ ಧರ್ಮೋಪದೇಶದ ಗ್ರಂಥ 1261ನೇ ಕಂಡಿಕೆಯಲ್ಲಿ ಈ ಮಕ್ಕಳನ್ನು ದೇವರ ಕರುಣೆಗೆ ಒಪ್ಪಿಸುತ್ತದೆ. ಮಕ್ಕಳನ್ನು ನನ್ನ ಬಳಿಗೆ ಬರಬಿಡಿ ಅಂದ ಯೇಸುಸ್ವಾಮಿಯ ಮಮತೆಯನ್ನು ನೆನೆದು, ಅವರಿಗೆ ರಕ್ಷಣೆಯ ದಾರಿ ಇದೆ ಅಂತ ನಾವು ಭರವಸೆ ಇಡಬಹುದು ಅನ್ನುತ್ತದೆ. 2007ರಲ್ಲಿ ಪೋಪರ ಒಪ್ಪಿಗೆಯ ಮೇಲೆ ಪ್ರಕಟವಾದ ದೇವಶಾಸ್ತ್ರಜ್ಞರ ಆಯೋಗದ ಬರಹವೂ ಆ ಭರವಸೆಗೆ ಗಟ್ಟಿ ಕಾರಣಗಳಿವೆ ಅಂದಿದೆ. ನಾನು ಇದನ್ನು ಅಮ್ಮನಿಗೆ ಓದಿ ಹೇಳಿದೆ. ಅವರು ಏನೂ ಅನ್ನಲಿಲ್ಲ. ಮುಂದಿನ ನವೆಂಬರ್‌ನಲ್ಲಿ ‘ಕೂಸು’ ಪಕ್ಕ ಪೆನ್ನಿನಲ್ಲಿ ಒಂದು ಹೆಸರು ಬರೆದಿತ್ತು. ಅಷ್ಟು ವರ್ಷ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಹೆಸರು.

ತಿಂಗಳ ಮಿಕ್ಕ ದಿನಗಳನ್ನು ಬೇಗ ಹೇಳಿಬಿಡುತ್ತೇನೆ. ನವೆಂಬರ್ 9 ರೋಮಿನ ಲ್ಯಾಟರನ್ ದೇವಾಲಯದ ಪ್ರತಿಷ್ಠಾಪನೆಯ ಹಬ್ಬ. ಧರ್ಮಾಧ್ಯಕ್ಷರ, ಅಂದರೆ ಬಿಷಪ್ಪರ, ಪೀಠ ಇರುವ ಚರ್ಚೇ ಕಥೆಡ್ರಲ್. ಪೋಪರ ಕಥೆಡ್ರಲ್ ಸಂತ ಪೇತ್ರರ ದೇವಾಲಯ ಅಂತ ಬಹಳ ಜನ ತಿಳಿದಿದ್ದಾರೆ, ಅದು ಲ್ಯಾಟರನ್. ನಮಗೆ ಕಥೆಡ್ರಲ್ ಅಂದರೆ ಮೈಸೂರಿನ ಸಂತ ಫಿಲೋಮಿನಾ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ ಚರ್ಚು. ಅವತ್ತು ಮಕ್ಕಳನ್ನು ಅವರ ದೀಕ್ಷಾಸ್ನಾನ ಆದ ಚರ್ಚಿಗೆ ಕರೆದುಕೊಂಡು ಹೋಗಿ ಆ ನೀರಿನ ತೊಟ್ಟಿ ತೋರಿಸಿ.

11ನೇ ತಾರೀಕು ಫ್ರಾನ್ಸಿನ ತೂರ್ಸಿನ ಸಂತ ಮಾರ್ಟಿನರದು. ಸೈನಿಕನಾಗಿದ್ದಾಗ ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ತನ್ನ ಮೇಲುಹೊದಿಕೆಯನ್ನು ಕತ್ತಿಯಲ್ಲಿ ಸೀಳಿ ಅರ್ಧ ಕೊಟ್ಟವರು. ಮೈಸೂರಿನಲ್ಲಿ ಆ ಹೊತ್ತಿಗೆ ಬೆಳಗಿನ ಚಳಿ ಶುರುವಾಗಿರುತ್ತದೆ. ಬೀರುವಿನಲ್ಲಿ ಎರಡು ಇರುವ ರಗ್ಗಿನಲ್ಲಿ ಒಂದನ್ನು ಬಸ್ ಸ್ಟ್ಯಾಂಡಿನಲ್ಲಿ ಮಲಗುವವರಿಗೆ ಕೊಟ್ಟು ಬನ್ನಿ. ಸತ್ತವರ ಹೆಸರಿನಲ್ಲಿ ದಾನ ಮಾಡುವುದೂ ಈ ತಿಂಗಳ ಪ್ರಾರ್ಥನೆಯೇ. 24ರಿಂದ ಸಂತ ಫ್ರಾನ್ಸಿಸ್ ಕ್ಸೇವಿಯರರ ಒಂಬತ್ತು ದಿನದ ಪ್ರಾರ್ಥನೆ, ಡಿಸೆಂಬರ್ 3ಕ್ಕೆ ಹಬ್ಬ. ಚೌರಪ್ಪಂದಿರು ಇರುವ ಮನೆಯಲ್ಲಿ ಬಿಡಬೇಡಿ.

ಇನ್ನು ಭಾನುವಾರಗಳು. ಭಾನುವಾರದ ಪೂಜೆಯಲ್ಲಿ ಓದುವ ಶುಭಸಂದೇಶಗಳು, ಅಂದರೆ ಬೈಬಲಿನ ಯೇಸುವಿನ ಕಥೆಯ ಭಾಗಗಳು, ಮೂರು ವರ್ಷದ ಸುತ್ತು. ಎ ವರ್ಷ ಮತ್ತಾಯ, ಬಿ ವರ್ಷ ಮಾರ್ಕ, ಸಿ ವರ್ಷ ಲೂಕ. ಇಸವಿಯನ್ನು ಮೂರರಿಂದ ಭಾಗಿಸಿ, ಶೇಷ ಉಳಿಯದಿದ್ದರೆ ಸಿ, ಒಂದು ಉಳಿದರೆ ಎ, ಎರಡು ಉಳಿದರೆ ಬಿ. 2026 ಹಾಗಾಗಿ ಎ. ಈ ವರ್ಷದ ನವೆಂಬರ್ ನೋಡಿ. 8ನೇ ತಾರೀಕಿನ ಶುಭಸಂದೇಶ ಹತ್ತು ಕನ್ಯೆಯರದು. ಐವರು ದೀಪಕ್ಕೆ ಎಣ್ಣೆ ಇಟ್ಟುಕೊಂಡಿದ್ದರು, ಐವರು ಮರೆತಿದ್ದರು. ಅದೇ ಹೊತ್ತಿಗೆ ಬೀದಿಯಲ್ಲಿ ದೀಪಾವಳಿ. ಬಾಗಿಲಲ್ಲಿ ಸಾಲು ಹಣತೆ ಕಾಣುವಾಗ ಈ ಕಥೆ ಹೇಳಲು ಮಕ್ಕಳಿಗೆ ಚಿತ್ರ ಬೇಕಾಗುವುದಿಲ್ಲ. 15ಕ್ಕೆ ಯಜಮಾನ ಕೊಟ್ಟ ಹಣವನ್ನು ಒಬ್ಬ ಹೂತಿಟ್ಟ ಕಥೆ. 22ಕ್ಕೆ ಕ್ರಿಸ್ತರಾಜರ ಹಬ್ಬ, ವರ್ಷದ ಕೊನೆಯ ಭಾನುವಾರ.

ಈ ಕ್ರಿಸ್ತರಾಜರ ಹಬ್ಬ ಹಳೆಯದಲ್ಲ. 1925ರಲ್ಲಿ ಹನ್ನೊಂದನೇ ಪಯಸ್ ಪೋಪರು ಆರಂಭಿಸಿದ್ದು. ಮೊದಲು ಅಕ್ಟೋಬರ್ ಕೊನೆಯ ಭಾನುವಾರ ಇತ್ತು. 1969ರ ಪರಿಷ್ಕರಣೆಯಲ್ಲಿ ವರ್ಷದ ಕೊನೆಗೆ ತಂದರು. ಎ ವರ್ಷದಲ್ಲಿ ಅವತ್ತು ಮತ್ತಾಯ 25ರ ತೀರ್ಪಿನ ಭಾಗ ಓದುತ್ತಾರೆ. ಹಸಿದಿದ್ದೆ, ಊಟ ಕೊಟ್ಟಿರಿ. ಬಟ್ಟೆ ಇರಲಿಲ್ಲ, ಉಡಿಸಿದಿರಿ. ಮಾರ್ಟಿನರ ಹೊದಿಕೆ ನೆನಪಾಗುತ್ತದೆ ಅಲ್ವಾ?

ಆಮೇಲೆ ಹೊಸ ವರ್ಷ. ಆಗಮನ ಕಾಲದ ಮೊದಲ ಭಾನುವಾರ ಯಾವಾಗ ಅಂತ ತಿಳಿಯಲು ಪಂಚಾಂಗ ಬೇಡ. ನವೆಂಬರ್ 30ಕ್ಕೆ, ಅಂದರೆ ಸಂತ ಅಂದ್ರೆಯರ ಹಬ್ಬಕ್ಕೆ, ಅತಿ ಹತ್ತಿರದ ಭಾನುವಾರವೇ ಅದು. 27ರ ಹಿಂದೆ ಬರುವುದಿಲ್ಲ, ಡಿಸೆಂಬರ್ 3ರ ಮುಂದೆ ಹೋಗುವುದಿಲ್ಲ. 2026ರಲ್ಲಿ ಅದು ನವೆಂಬರ್ 29. ಅವತ್ತಿನಿಂದ ಮಾರ್ಕನ ವರ್ಷ. ಮೊದಲ ವಾಕ್ಯವೇ ಎಚ್ಚರವಾಗಿರಿ ಅನ್ನುತ್ತದೆ.

ನಾಲ್ಕು ಬತ್ತಿಯ ಹಸಿರು ಬಳೆಯನ್ನು ಅವತ್ತು ಇಡುತ್ತಾರೆ. ಮೂರು ನೇರಳೆ, ಒಂದು ಗುಲಾಬಿ. ವಾರಕ್ಕೊಂದು ಹಚ್ಚುವುದು. ಇದನ್ನು 1839ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಬಡ ಮಕ್ಕಳ ಆಶ್ರಮ ನಡೆಸುತ್ತಿದ್ದ ಯೋಹಾನ್ ವಿಖರ್ನ್ ಎಂಬ ಲೂಥರನ್ ಪಾದ್ರಿ ಶುರು ಮಾಡಿದರು ಅನ್ನುತ್ತಾರೆ. ಅವರ ಕಡೆ ಪೈನ್ ಮರದ ಸೊಪ್ಪು. ನಮ್ಮಲ್ಲಿ ಸರ್ವೆ ಮರದ ಸಣ್ಣ ಕೊಂಬೆಗಳು ಚೆನ್ನಾಗಿ ಬಾಗುತ್ತವೆ. ಹಳೆಯ ತಟ್ಟೆಯ ಸುತ್ತ ದಾರದಲ್ಲಿ ಕಟ್ಟಿದರೆ ಸಾಕು. ನೇರಳೆ ಬತ್ತಿ ಸಿಗದಿದ್ದರೆ ಬಿಳಿ ಬತ್ತಿಗೆ ನೇರಳೆ ರಿಬ್ಬನ್ ಸುತ್ತಿ.

ಹಿಂದಿನ ಶನಿವಾರ ಸಂಜೆ ನಾವು ಪುಸ್ತಕದ ಆ ವರ್ಷದ ಕೊನೆಯ ಹೆಸರುಗಳನ್ನು ಓದುತ್ತೀವಿ. ತಿಂಗಳಲ್ಲಿ ಉಳಿದ ಎರಡು ದಿನಕ್ಕೆ ಅಂತ ಆರು ಹೆಸರು ಬೇರೆ ಇಟ್ಟಿರುತ್ತೀವಿ. ಅವನ್ನು ಮೊದಲ ನೇರಳೆ ಬತ್ತಿಯ ಬೆಳಕಲ್ಲಿ ಓದುವುದು. ಹಲಗೆ ಮೇಲಿನ ಕ್ರಿಸ್ತರಾಜರ ಬಿಳಿ ಬಟ್ಟೆ ತೆಗೆದು, ಎರಡನೇ ತಾರೀಕು ಹಾಸಿದ್ದ ಅದೇ ನೇರಳೆ ಬ್ಲೌಸ್ ಪೀಸನ್ನು ಮತ್ತೆ ಹಾಸುತ್ತೀವಿ. ಬೇರೆ ನೇರಳೆ ಬಟ್ಟೆ ನಮ್ಮಲ್ಲಿಲ್ಲ. ಸಿಮೆಟ್ರಿಯಿಂದ ಬಂದ ಸಂಜೆ ಅದರ ಮೇಲೆ ಬಿದ್ದ ಮೇಣದ ಕಲೆಯನ್ನು ಮಗಳು ಕಾಗದ ಇಟ್ಟು ಇಸ್ತ್ರಿ ಮಾಡಿ ತೆಗೆಯುತ್ತಾಳೆ. ಪೂರ್ತಿ ಹೋಗುವುದಿಲ್ಲ. ಆ ಕಲೆಯ ಮೇಲೆಯೇ ಹಸಿರು ಬಳೆ ಇಡುತ್ತೀವಿ.